ಸಂಗಮವಲ್ಲ, ನೆಂಟಸ್ತಿಕೆ

ಬೇರೆ ಬೇರೆ ಸಂಪ್ರದಾಯದ ಇಬ್ಬರು ವಾದಕರು ಒಂದೇ ವೇದಿಕೆಯಲ್ಲಿ ಕುಳಿತರೆ ಸಾಕು, ಅದನ್ನು 'ಸಂಗಮ'ವೆಂದು ಕರೆಯುವುದು ನಮ್ಮಲ್ಲಿ ವಾಡಿಕೆಯಾಗಿದೆ. ಸೋಸಲೆಯವನಾದ ನನಗೆ ಈ ಮಾತನ್ನು ಕೇಳಿದಾಗಲೆಲ್ಲ ಒಂದು ಸಣ್ಣ ತಕರಾರು ಏಳುತ್ತದೆ. ನಮ್ಮೂರಿಗೆ ಸಮೀಪದ ತಿರುಮಕೂಡಲಿನಲ್ಲಿ ಕಪಿಲೆಯು ಕಾವೇರಿಯನ್ನು ಸೇರುತ್ತಾಳೆ. ಅಲ್ಲಿಂದ ಮುಂದೆ ಹರಿಯುವ ನದಿಗೆ ಕಾವೇರಿಯೆಂದೇ ಹೆಸರು. ಕಪಿಲೆಯ ಹೆಸರು ಅಲ್ಲಿಗೆ ಮುಗಿಯಿತು. ಸಂಗಮ ಪುಣ್ಯಸ್ಥಳವೆಂಬುದು ನಿಜ. ಆದರೆ ಅಲ್ಲಿ ಒಬ್ಬರು ತಮ್ಮ ಹೆಸರನ್ನು ಬಿಟ್ಟುಕೊಡಬೇಕಾಗುತ್ತದೆಂಬುದೂ ನಿಜ.

ನ್ಯೂಯಾರ್ಕಿನ ಪೈ ರೆಕಾರ್ಡಿಂಗ್ಸ್ ಸಂಸ್ಥೆ 2008ರಲ್ಲಿ ಹೊರತಂದ 'ಕಿನ್ಸ್‌ಮೆನ್' ಎಂಬ ಧ್ವನಿಮುದ್ರಿಕೆಯನ್ನು ಈಚೆಗೆ ಮತ್ತೆ ಕೇಳುವಾಗ ಈ ಮಾತು ನೆನಪಾಯಿತು. ಇದರಲ್ಲಿ ಎರಡು ಸ್ಯಾಕ್ಸೊಫೋನುಗಳಿವೆ. ಒಂದು ಕದ್ರಿ ಗೋಪಾಲನಾಥರದು, ಇನ್ನೊಂದು ರುದ್ರೇಶ್ ಮಹಾಂತಪ್ಪನವರದು. ಪಿಟೀಲಿಗೆ ಎ. ಕನ್ಯಾಕುಮಾರಿ, ಮೃದಂಗಕ್ಕೆ ಪೂವಲೂರು ಶ್ರೀಜಿ. ಅವರೊಡನೆ ಗಿಟಾರು, ಬಾಸು, ಡ್ರಮ್ಮುಗಳ ಜಾಝ್ ಮೇಳ. ಹೆಸರಿಗೆ 'ಬಂಧುಗಳು' ಎಂದರ್ಥ.

ಗೋಪಾಲನಾಥರು 1949ರಲ್ಲಿ ಬಂಟ್ವಾಳದ ಬಳಿಯ ನಾದಸ್ವರದ ಮನೆತನದಲ್ಲಿ ಹುಟ್ಟಿದವರು. ಹುಡುಗನಾಗಿದ್ದಾಗ ಮೈಸೂರು ಅರಮನೆಯ ವಾದ್ಯವೃಂದದಲ್ಲಿ ಸ್ಯಾಕ್ಸೊಫೋನನ್ನು ಕೇಳಿ ಮರುಳಾದರು. ಮಂಗಳೂರಿನಲ್ಲಿ ಎನ್. ಗೋಪಾಲಕೃಷ್ಣ ಅಯ್ಯರ್, ಮದರಾಸಿನಲ್ಲಿ ಟಿ. ವಿ. ಗೋಪಾಲಕೃಷ್ಣನ್ ಇವರ ಬಳಿ ಕಲಿತು, ಆ ವಾದ್ಯವನ್ನು ಕಛೇರಿಗೆ ಒಗ್ಗಿಸಿದರು. ಮಹಾಂತಪ್ಪನವರ ತಂದೆ ಕನ್ನಡನಾಡಿನಿಂದ ಹೋದ ಭೌತವಿಜ್ಞಾನಿ. ಮಗ ಬೆಳೆದದ್ದು ಅಮೆರಿಕದ ಕೊಲೊರಾಡೊ ಸೀಮೆಯಲ್ಲಿ. ವಿದ್ಯಾರ್ಥಿಯಾಗಿದ್ದಾಗ ಅಣ್ಣ ತಮಾಷೆಗೆಂದು ಕೊಟ್ಟ ಮುದ್ರಿಕೆಯೊಂದರಿಂದ ಗೋಪಾಲನಾಥರ ಪರಿಚಯವಾಯಿತಂತೆ. ಮೈಸೂರಿನಲ್ಲಿ ಒಬ್ಬ ಹುಡುಗನನ್ನು ಸೆಳೆದ ಪರದೇಶದ ವಾದ್ಯವೇ, ಪರದೇಶದಲ್ಲಿ ಬೆಳೆದ ಇನ್ನೊಬ್ಬನಿಗೆ ತಂದೆತಾಯಿಯರ ನಾಡಿನ ದಾರಿ ತೋರಿಸಿತು.

ಮಹಾಂತಪ್ಪನವರ ವಾದನದ ತವರು ನ್ಯೂಯಾರ್ಕಿನ ಜಾಝ್. 1940ರ ದಶಕದಲ್ಲಿ ಹಾರ್ಲೆಮ್ಮಿನ ಮಿಂಟನ್ಸ್ ಕ್ಲಬ್ಬಿನಲ್ಲಿ, ಐವತ್ತೆರಡನೆಯ ಬೀದಿಯ ಇಕ್ಕಟ್ಟಾದ ಕ್ಲಬ್ಬುಗಳಲ್ಲಿ ಚಾರ್ಲಿ ಪಾರ್ಕರ್ ಮೊದಲಾದವರು ರೂಢಿಸಿದ ಬಿರುಸಿನ ನುಡಿಗಾರಿಕೆ ಅದು. ಅಲ್ಲಿ ಸ್ವರಮೇಳಗಳು ಕ್ಷಣಕ್ಷಣಕ್ಕೂ ಬದಲಾಗುತ್ತವೆ. ವಾದಕನು ಅವುಗಳ ಮೇಲೆ ಮೆಟ್ಟಿಲಿನಿಂದ ಮೆಟ್ಟಿಲಿಗೆ ನೆಗೆಯುವಂತೆ ಸಾಗುತ್ತಾನೆ. ನಮ್ಮಲ್ಲಿ ಷಡ್ಜ ಅಲುಗುವುದಿಲ್ಲ. ವಾದಕನು ಸ್ವರದಿಂದ ಸ್ವರಕ್ಕೆ ಜಾರುತ್ತ, ತೂಗುತ್ತ ರಾಗವನ್ನು ಬಿಡಿಸುತ್ತಾನೆ. ಎರಡೂ ಮನೋಧರ್ಮವೇ, ವ್ಯಾಕರಣ ಮಾತ್ರ ಬೇರೆ.

ಮೊದಲ ಸಲ ಕೇಳಿದಾಗ ನಾನು ಅರ್ಧಕ್ಕೇ ನಿಲ್ಲಿಸಿದ್ದೆನೆಂಬುದನ್ನು ಮುಚ್ಚಿಡಲಾರೆ. ಕನ್ನಡ ಪಾಠ ಹೇಳುವವನಿಗೆ ಶುದ್ಧಿಯ ಚಪಲ ಸ್ವಲ್ಪ ಹೆಚ್ಚು. ಮತ್ತೊಮ್ಮೆ ಊರಿನ ಮನೆಯ ಜಗಲಿಯಲ್ಲಿ ಕೇಳುತ್ತಿದ್ದಾಗ, ಬಳಿಯಲ್ಲಿದ್ದ ಸೋದರಮಾವನವರು ಕಿವಿಗೊಟ್ಟು ಹೇಳಿದರು: "ಒಬ್ಬ ನಮ್ಮ ಮಾತು ಆಡ್ತಾನೆ ಕಣೋ. ಇನ್ನೊಬ್ಬನಿಗೆ ಅದು ತಿಳಿಯುತ್ತೆ, ಆದರೆ ಅವನು ಉತ್ತರ ಕೊಡೋದು ಬೇರೆ ಭಾಷೇಲಿ." ವಿದೇಶದಲ್ಲಿರುವ ಮೊಮ್ಮಕ್ಕಳೊಡನೆ ಪ್ರತಿ ಭಾನುವಾರ ಹೀಗೆಯೇ ಮಾತನಾಡುವವರು ಅವರು. ಇದಕ್ಕಿಂತ ಸರಿಯಾದ ವಿಮರ್ಶೆ ನನ್ನಿಂದಾಗದು.

'ಕಲ್ಯಾಣಿ'ಯನ್ನೇ ಕೇಳಿ. ಗೋಪಾಲನಾಥರ ಉಸಿರಿನಲ್ಲಿ ಗಮಕ ಮಾಸುವುದಿಲ್ಲ. ಮಹಾಂತಪ್ಪನವರೂ ಅವರನ್ನು ಅನುಕರಿಸಲು ಹೋಗುವುದಿಲ್ಲ. ತಮ್ಮ ಚೂಪಾದ, ಕೋನಕೋನದ ನುಡಿಯಲ್ಲೇ ಉತ್ತರಿಸುತ್ತಾರೆ. ರಚನೆಗಳ ನಡುವೆ ಕಲಾವಿದರು ಒಬ್ಬೊಬ್ಬರಾಗಿ ನುಡಿಸುವ ಆಲಾಪಗಳನ್ನಿಟ್ಟಿರುವುದೂ ಉಚಿತವಾಗಿದೆ. ಅತಿಥಿಯನ್ನು ಪೂರ್ತಿ ಮಾತನಾಡಲು ಬಿಡುವ ಸೌಜನ್ಯ ಅದು. ಕೊರತೆಯಿಲ್ಲವೆಂದಲ್ಲ. ಮೇಳವೆಲ್ಲ ಒಟ್ಟಿಗೆ ಮೊರೆಯುವಾಗ ಮೃದಂಗದ ನಯ ಡ್ರಮ್ಮಿನ ಅಡಿಯಲ್ಲಿ ಸಿಕ್ಕಿಕೊಳ್ಳುತ್ತದೆ. ಕೃತಿಯ ಸಾಹಿತ್ಯವನ್ನು ಮನಸ್ಸಿನಲ್ಲೇ ಹಾಡಿಕೊಳ್ಳುತ್ತ ವಾದ್ಯವನ್ನು ಕೇಳುವ ನಮ್ಮ ರಸಿಕರಿಗೆ ಇಲ್ಲಿ ಹಿಡಿದುಕೊಳ್ಳಲು ಆಸರೆಯೂ ಕಡಮೆ.

ವಾದ್ಯ ವಿದೇಶದ್ದೆಂಬ ಆಕ್ಷೇಪಣೆಗೆ ಮಾತ್ರ ಬೆಲೆಯಿಲ್ಲ. ತಿರುಮಕೂಡಲಿನವರೇ ಆದ ಚೌಡಯ್ಯನವರು ಯೂರೋಪಿನ ಪಿಟೀಲಿಗೆ ಮೂರು ತಂತಿಗಳನ್ನು ಹೆಚ್ಚಿಸಿ ಏಳು ಮಾಡಿ, ಧ್ವನಿವರ್ಧಕವಿಲ್ಲದ ಕಾಲದಲ್ಲಿ ತುಂಬಿದ ಸಭೆಗೆ ಕೇಳಿಸಿದರು. ಇಂದು ಪಿಟೀಲನ್ನು ಪರದೇಶಿಯೆನ್ನುವವರಾರು?

ಗೋಪಾಲನಾಥರು 2019ರ ಅಕ್ಟೋಬರಿನಲ್ಲಿ ತೀರಿಕೊಂಡರು. ಆ ಇಬ್ಬರ ಸಂವಾದ ಈಗ ಮುದ್ರಿಕೆಯಲ್ಲಿ ಮಾತ್ರ ಉಳಿದಿದೆ. ಅದನ್ನು ಸಂಗಮವೆನ್ನುವುದು ಬೇಡ. ಇಲ್ಲಿ ಯಾರೂ ಹೆಸರು ಕಳೆದುಕೊಂಡಿಲ್ಲ; ನೆಂಟರು ಒಂದೇ ಪಂಕ್ತಿಯಲ್ಲಿ ಕುಳಿತು ಉಂಡು, ತಮ್ಮ ತಮ್ಮ ಊರುಗಳಿಗೆ ಮರಳಿದ್ದಾರೆ. ಸಂಗೀತಕ್ಕೂ, ದೂರವಿರುವ ನಮ್ಮ ಮಕ್ಕಳಿಗೂ ಇಷ್ಟು ಸಲಿಗೆ ಕೊಡಲು ನಾವು ಕಲಿಯಬೇಕಾಗಿದೆ.