ಪ್ರಾರ್ಥಿಸಲಾಗದ ದಿನಗಳ ಪ್ರಾರ್ಥನೆ: ಕಾರ್ಡಿನಲ್ ವಾನ್ ತುವಾನರ ಸೆರೆಮನೆ ಬರಹಗಳ ಮರು ಓದು

ವಿಯೆಟ್ನಾಮಿನ ಕಾರ್ಡಿನಲ್ ಫ್ರಾನ್ಸಿಸ್ ಕ್ಸೇವಿಯರ್ ವಾನ್ ತುವಾನರ (1928–2002) ಸೆರೆವಾಸದ ಪ್ರಸಂಗಗಳು ನಮ್ಮ ಧ್ಯಾನಕೂಟಗಳಲ್ಲಿಯೂ ಪ್ರಬೋಧನೆಗಳಲ್ಲಿಯೂ ಮತ್ತೆ ಮತ್ತೆ ಕೇಳಿಬರುತ್ತವೆ. ಅಂಗೈಯಲ್ಲಿ ಮೂರು ಹನಿ ದ್ರಾಕ್ಷಾರಸ, ಒಂದು ಹನಿ ನೀರು ಇಟ್ಟುಕೊಂಡು ಅವರು ಬಲಿಪೂಜೆ ಅರ್ಪಿಸಿದ ಸಂಗತಿಯನ್ನು ಅರಿಯದ ಗುರುವಿದ್ಯಾರ್ಥಿ ವಿರಳ. ಆದರೆ ಈ ಪ್ರಸಂಗಗಳನ್ನು ನಾವು ನಿರೂಪಿಸುವ ಬಗೆಯಲ್ಲಿ ಒಂದು ದೋಷ ನುಸುಳಿದೆ. ‘ಅವರು ಪ್ರಾರ್ಥಿಸಿದರು, ದೇವರು ಬಿಡಿಸಿದರು’ ಎಂಬ ಸೂತ್ರಕ್ಕೆ ಹದಿಮೂರು ವರ್ಷಗಳನ್ನು ಇಳಿಸಿಬಿಡುತ್ತೇವೆ. ಅವರ ಬರಹಗಳೇ ಈ ಸೂತ್ರವನ್ನು ಒಪ್ಪುವುದಿಲ್ಲ.

1975ರ ಏಪ್ರಿಲ್‌ನಲ್ಲಿ ಸೈಗಾನಿನ ಸಹ-ಮಹಾಧರ್ಮಾಧ್ಯಕ್ಷರಾಗಿ ನೇಮಕಗೊಂಡ ಅವರನ್ನು ಅದೇ ವರ್ಷ ಆಗಸ್ಟ್ 15ರಂದು ಬಂಧಿಸಲಾಯಿತು. ಬಿಡುಗಡೆಯಾದದ್ದು 1988ರ ನವೆಂಬರ್ 21ರಂದು. ಅದರಲ್ಲಿ ಒಂಬತ್ತು ವರ್ಷ ಏಕಾಂತ ಸೆರೆ. ಬಂಧನದ ಮೊದಲ ತಿಂಗಳುಗಳಲ್ಲಿ ಹಳೆಯ ಕ್ಯಾಲೆಂಡರ್ ಹಾಳೆಗಳ ಹಿಂಬದಿಯಲ್ಲಿ ಬರೆದು, ಬಾಲಕನೊಬ್ಬನ ಕೈಯಲ್ಲಿ ಹೊರಗೆ ಕಳುಹಿಸಿದ ಕಿರುಚಿಂತನೆಗಳೇ ‘ಭರವಸೆಯ ಹಾದಿ’ ಎಂಬ ಗ್ರಂಥವಾದವು. ಬಿಡುಗಡೆಯ ನಂತರದ ‘ಐದು ರೊಟ್ಟಿ, ಎರಡು ಮೀನು’ ಹಾಗೂ 2000ದ ತಪಸ್ಸುಕಾಲದಲ್ಲಿ ಜಗದ್ಗುರು ಎರಡನೆಯ ಜಾನ್ ಪಾಲರಿಗೆ ನೀಡಿದ ಧ್ಯಾನಬೋಧನೆಗಳ ಸಂಗ್ರಹ ‘ಭರವಸೆಯ ಸಾಕ್ಷ್ಯ’ ಹಿಂದಿರುಗಿ ನೋಡಿದ ಬರಹಗಳು.

ಸೆರೆಯಲ್ಲಿ ಪ್ರಾರ್ಥನೆಗೆ ಬೇಕಾದಷ್ಟು ಸಮಯವಿದ್ದಿರಬೇಕೆಂದು ಜನರು ಭಾವಿಸುತ್ತಿದ್ದರು. ಅದು ಅಷ್ಟು ಸರಳವಲ್ಲವೆಂದು ಅವರು ಉತ್ತರಿಸುತ್ತಾರೆ. ರೋಗದಿಂದಲೂ ಬಳಲಿಕೆಯಿಂದಲೂ ಒಂದು ಜಪವನ್ನೂ ಹೇಳಲಾಗದ ದಿನಗಳಿದ್ದವೆಂದು ಒಪ್ಪಿಕೊಳ್ಳುತ್ತಾರೆ. ಆಗ ಅವರಿಗೆ ಆಸರೆಯಾದದ್ದು ಜಿಮ್ ಎಂಬ ವೃದ್ಧನ ಕಥೆ. ಪ್ರತಿದಿನ ದೇವಾಲಯಕ್ಕೆ ಬಂದು, ತಾನು ಬಂದಿರುವೆನೆಂದು ಯೇಸುವಿಗೆ ತಿಳಿಸಿ ಹೊರಟುಬಿಡುವುದಷ್ಟೇ ಅವನ ಪ್ರಾರ್ಥನೆ. ಮಹಾಧರ್ಮಾಧ್ಯಕ್ಷರು ಆ ವೃದ್ಧನ ಮಾತಿನಲ್ಲಿ ತಮ್ಮ ಹೆಸರನ್ನು ಸೇರಿಸಿಕೊಂಡರು. ಇಲ್ಲಿ ಬೇಡಿಕೆಯಿಲ್ಲ, ದೇವರ ಮುಂದೆ ಇರುವಿಕೆ ಮಾತ್ರ ಇದೆ.

ಇದಕ್ಕಿಂತ ಗಹನವಾದದ್ದು ಅವರ ಇನ್ನೊಂದು ಅರಿವು. ತಾವು ಎಂಟು ವರ್ಷ ಧರ್ಮಾಧ್ಯಕ್ಷರಾಗಿದ್ದ ನ್ಯಾ ಟ್ರಾಂಗ್‌ನಲ್ಲಿಯೇ ಅವರು ಸೆರೆಯಲ್ಲಿದ್ದಾಗ ಪ್ರಧಾನಾಲಯದ ಗಂಟೆಯ ನಾದ ಕಿವಿಗೆ ಬೀಳುತ್ತಿತ್ತು. ದೇವರಿಗಾಗಿ ಕಟ್ಟಿದ್ದೆಲ್ಲವೂ ಕೈತಪ್ಪಿತೆಂಬ ಸಂಕಟ ಅವರನ್ನು ಹಿಂಡುತ್ತಿತ್ತು. ಒಂದು ರಾತ್ರಿ ಅಂತರಂಗದಲ್ಲಿ ಅವರಿಗೆ ಹೊಳೆದದ್ದು: ದೇವರು ಬೇರೆ, ದೇವರ ಕಾರ್ಯಗಳು ಬೇರೆ, ಆರಿಸಿಕೊಳ್ಳಬೇಕಾದದ್ದು ದೇವರನ್ನು. ಅವರ ಸ್ಥಿತಿ ಬದಲಾಗಲಿಲ್ಲ, ಬಾಗಿಲು ತೆರೆಯಲಿಲ್ಲ. ಗೆತ್ಸೆಮನೆಯಲ್ಲಿಯೂ ಪಾತ್ರೆ ತೊಲಗಲಿಲ್ಲ. ತಂದೆಗೆ ಎಲ್ಲವೂ ಸಾಧ್ಯವೆಂದು ನುಡಿದ ಮಗನೇ ಆ ಪಾತ್ರೆಯನ್ನು ಕುಡಿದನು.

ಈ ಕೃತಿಗಳಿಗೂ ಮಿತಿಯಿದೆ. ಹಿಂದಿರುಗಿ ನೋಡಿದ ಬರಹಗಳಲ್ಲಿ ಪ್ರತಿಯೊಂದು ಕತ್ತಲೆಗೂ ಬೇಗನೆ ಬೆಳಕೊಂದು ದೊರೆಯುತ್ತದೆ. ಪ್ರಾರ್ಥಿಸಲಾಗದ ಆ ದಿನಗಳು ಕೆಲವೇ ವಾಕ್ಯಗಳಲ್ಲಿ ಮುಗಿದುಹೋಗುತ್ತವೆ. ಓದುಗನು ಅಲ್ಲಿ ಇನ್ನಷ್ಟು ಹೊತ್ತು ನಿಲ್ಲಲು ಬಯಸುತ್ತಾನೆ. ಧ್ಯಾನಬೋಧನೆಯ ಪ್ರಕಾರವೇ ಇದಕ್ಕೆ ಕಾರಣವಿರಬಹುದು: ಅಲ್ಲಿ ಪ್ರಸಂಗವು ಬೋಧನೆಗೆ ನಿದರ್ಶನವಾಗಿ ಬರುತ್ತದೆ. ನಮ್ಮ ಪ್ರಬೋಧಕರ ತಪ್ಪು ಓದಿಗೆ ಈ ಸಂಕ್ಷಿಪ್ತತೆಯೂ ಎಡೆಮಾಡಿಕೊಟ್ಟಿದೆ.

ಈ ತಪ್ಪಿನಲ್ಲಿ ನನ್ನ ಪಾಲೂ ಇದೆ. ಧರ್ಮಕೇಂದ್ರದಲ್ಲಿದ್ದಾಗ, ಮಗನನ್ನು ಕಳೆದುಕೊಂಡ ತಾಯಿಯೊಬ್ಬರು, “ಫಾದರ್, ನನ್ನ ವಿಶ್ವಾಸ ಸಾಲದೆ ಹೋಯಿತೇ?” ಎಂದು ಕೇಳಿದರು. ವಿಶ್ವಾಸವಿದ್ದರೆ ಅಸಾಧ್ಯವೂ ಸಾಧ್ಯವೆಂದು ಹಿಂದಿನ ಭಾನುವಾರ ಪ್ರಬೋಧಿಸಿದವನು ನಾನೇ. ಆ ಪ್ರಶ್ನೆಯನ್ನು ಅವರ ಬಾಯಲ್ಲಿ ಇಟ್ಟದ್ದು ದೇವರಲ್ಲ, ನನ್ನ ಪ್ರಬೋಧನೆ. ಮಾರ್ಕನ ಶುಭಸಂದೇಶದ ಒಂಬತ್ತನೆಯ ಅಧ್ಯಾಯದಲ್ಲಿ ಅಸ್ವಸ್ಥ ಬಾಲಕನ ತಂದೆ ತನ್ನ ಅವಿಶ್ವಾಸವನ್ನೂ ಯೇಸುವಿನ ಮುಂದಿಟ್ಟನು. ಯೇಸು ಅವನನ್ನು ಹಿಂದಕ್ಕೆ ಕಳುಹಿಸಲಿಲ್ಲ. ಅದನ್ನು ನಾನು ಆ ಭಾನುವಾರ ಹೇಳಿರಲಿಲ್ಲ.

ಆದುದರಿಂದ ವಾನ್ ತುವಾನರನ್ನು ಓದುವ ಗುರುವಿದ್ಯಾರ್ಥಿಗಳಲ್ಲಿ ಒಂದು ವಿನಂತಿ. ಅಂಗೈಯ ಮೂರು ಹನಿಗಳನ್ನು ಜನರಿಗೆ ಹೇಳಿರಿ. ಜೊತೆಗೆ ಆ ತುಟಿಗಳಿಂದ ಒಂದು ಜಪವೂ ಹೊರಡದ ದಿನಗಳನ್ನೂ ಹೇಳಿರಿ. ಆಸ್ಪತ್ರೆಯ ಹಾಸಿಗೆಯಲ್ಲಿ ಮಾತು ಸೋತವರಿಗೆ ಹೆಚ್ಚು ಬೇಕಾಗುವುದು ಎರಡನೆಯದೇ.