ಉಪವಿಧಿಗಳ ಕನ್ನಡ

ಮೂಡಿಗೆರೆ ತಾಲ್ಲೂಕಿನ ದೇವರಮನೆಗೆ ಕಾಲಭೈರವನ ದರ್ಶನಕ್ಕೂ ಬೆಟ್ಟಗಳ ನೋಟಕ್ಕೂ ಬರುವವರು ಹಲವರು. ಇಂತಹ ಸ್ಥಳದಲ್ಲಿ ಕಸ, ನೀರು, ಅಂಗಡಿಗಳನ್ನು ಕುರಿತು ಕಟ್ಟಳೆಗಳಿರಬೇಕೆಂಬುದು ನಿರ್ವಿವಾದವು. 1993ರ ಪಂಚಾಯತ್ ರಾಜ್ ಅಧಿನಿಯಮವು ಉಪವಿಧಿಗಳನ್ನು ರಚಿಸುವ ಅಧಿಕಾರವನ್ನು ಗ್ರಾಮ ಪಂಚಾಯತಿಗಳಿಗೆ ಕೊಟ್ಟಿದೆ. ಆ ಅಧಿಕಾರಕ್ಕೆ ತಕ್ಕ ಭಾಷೆಯು ಒದಗಿದೆಯೇ ಎಂಬುದು ವಿಚಾರಣೀಯವು.

ಕಾನೂನಿನ ಕನ್ನಡವು ಬಹುಮಟ್ಟಿಗೆ ಇಂಗ್ಲಿಷ್ ವಾಕ್ಯದ ಅಚ್ಚಿನಲ್ಲಿ ಎರೆದುದು. 'ಪರಂತು' ಎಂಬುದರಿಂದ ಅಪವಾದಕ್ಕೆ ಅಪವಾದವು ತೊಡರಿಕೊಳ್ಳುತ್ತದೆ. 'ತಕ್ಕದ್ದು' ಎಂಬಲ್ಲಿ ಕ್ರಿಯೆಯುಂಟು, ಕರ್ತೃವು ಅನೇಕ ವೇಳೆ ಇಲ್ಲ. 'ಕಸವನ್ನು ವಿಲೇವಾರಿ ಮಾಡತಕ್ಕದ್ದು' ಎಂದು ಬರೆದರೆ ಹೊಣೆ ಅಂಗಡಿಯವನದೋ, ಯಾತ್ರಿಕನದೋ, ಪಂಚಾಯತಿಯದೋ? ಈ ಸಂದಿಗ್ಧದ ದಂಡವನ್ನು ಕಡೆಗೆ ತೆರುವವನು ಬಡ ಅಂಗಡಿಯವನೇ.

ಇದಕ್ಕಿಂತ ಉತ್ತಮವಾದ ಮೇಲ್ಪಂಕ್ತಿಯೂ ಉಂಟು. 1964ರ ಭೂಕಂದಾಯ ಅಧಿನಿಯಮದ 79ನೆಯ ಪ್ರಕರಣವು ಇಂಗ್ಲಿಷ್ ಪಾಠದಲ್ಲಿಯೂ ಕುಮ್ಕಿ, ಬಾಣೆ, ಕಾನು, ಸೊಪ್ಪಿನಬೆಟ್ಟ ಎಂಬ ಜನರ ಮಾತುಗಳನ್ನೇ ಉಳಿಸಿಕೊಂಡಿದೆ. ಹೆಸರನ್ನು ಕೇಳಿದೊಡನೆ ರೈತನಿಗೆ ನೆಲದ ಗುರುತು ಹತ್ತುತ್ತದೆ.

ನಿಷ್ಕೃಷ್ಟತೆಗೆ ಪಾರಿಭಾಷಿಕ ಪದಗಳು ಬೇಕೆಂಬ ವಾದವು ಸಾಧುವೇ. ಆದರೆ ಕರ್ತೃವಿಲ್ಲದ ವಾಕ್ಯದಲ್ಲಿ ನಿಷ್ಕೃಷ್ಟತೆಯೆಲ್ಲಿಯದು? ಆದುದರಿಂದ ಕರಡನ್ನು ಮೊದಲಿಗೇ ಕನ್ನಡದಲ್ಲಿ ಬರೆದು, ಯಾರು, ಏನನ್ನು, ಯಾವಾಗ ಮಾಡಬೇಕೆಂಬುದನ್ನು ಸ್ಪಷ್ಟಪಡಿಸಿ, ಗ್ರಾಮಸಭೆಯಲ್ಲಿ ಗಟ್ಟಿಯಾಗಿ ಓದಿಸುವುದು ಯುಕ್ತವು. ಕೇಳಿದವರಿಗೆ ತಿಳಿಯದ ವಾಕ್ಯವನ್ನು ಅಲ್ಲಿಯೇ ತಿದ್ದಬೇಕು.