ಎಜೆಕ್ಟರಿನ ದೋಷನಿರ್ಣಯವೂ ಪರಿಭಾಷೆಯೂ

ಪಾರಿಭಾಷಿಕ ಪದವು ಅರ್ಥವನ್ನು ತಿಳಿಸಿದರೆ ಸಾಲದು. ತಪ್ಪು ಊಹೆಗೆ ಎಡೆಗೊಡದಂತೆಯೂ ಇರಬೇಕು. ಎಣ್ಣೆ ಶುದ್ಧೀಕರಣದಲ್ಲಿ ಬಳಸುವ ಎಜೆಕ್ಟರನ್ನು ‘ಹೀರುಯಂತ್ರ’ವೆಂದು ಕನ್ನಡಿಸಬಹುದೇ ಎಂಬುದನ್ನು ಈ ದೃಷ್ಟಿಯಿಂದ ವಿಚಾರಿಸತಕ್ಕದ್ದು.

ಕಚ್ಚಾ ಎಣ್ಣೆಯ ಭಾರವಾದ ಶೇಷವನ್ನು ಸುಮಾರು 370 ಡಿಗ್ರಿ ಸೆಂಟಿಗ್ರೇಡಿಗೆ ಮೀರಿ ಕಾಯಿಸಿದರೆ ಅದರ ಅಣುಗಳು ಒಡೆಯತೊಡಗುತ್ತವೆ. ಆದಕಾರಣ ಸ್ತಂಭದೊಳಗಿನ ಒತ್ತಡವನ್ನು ತಗ್ಗಿಸಿ ಬಟ್ಟಿಯಿಳಿಸುವರು. ಇದಕ್ಕೆ ಸಾಧನವಾದ ಎಜೆಕ್ಟರಿನಲ್ಲಿ ಚಲಿಸುವ ಅಂಗವೊಂದೂ ಇಲ್ಲ. ಹಬೆಯು ಮೂತಿಯಿಂದ ಶಬ್ದವೇಗವನ್ನು ಮೀರಿ ಹೊರಟು, ಸ್ತಂಭದ ಅನಿಲಗಳನ್ನು ತನ್ನೊಡನೆ ಎಳೆದೊಯ್ದು, ಮುಂದಣ ನಳಿಗೆಯಲ್ಲಿ ವೇಗವನ್ನು ಬಿಟ್ಟು ಒತ್ತಡವನ್ನು ಪಡೆಯುತ್ತದೆ. ಇಂಥ ಎರಡು ಮೂರು ಎಜೆಕ್ಟರುಗಳು ಸಾಲಾಗಿದ್ದು, ನಡುನಡುವೆ ಹಬೆಯನ್ನು ನೀರಾಗಿಸುವ ಕಂಡೆನ್ಸರುಗಳಿರುತ್ತವೆ.

ಸ್ತಂಭದ ಒತ್ತಡವು ಏರಿತೆನ್ನೋಣ. ‘ಹೀರುಯಂತ್ರ’ವೆಂಬ ಹೆಸರನ್ನು ನಂಬಿದವನು ಹೀರುವ ಶಕ್ತಿ ಕುಂದಿತೆಂದು ಬಗೆದು ಮೂತಿಯನ್ನೇ ಬದಲಿಸುವನು. ತೇವದ ಹಬೆಯಿಂದ ಮೂತಿ ಸವೆಯುವುದುಂಟು. ಆದರೆ ಕಾರಣವು ಅದೊಂದೇ ಅಲ್ಲ. 30 ಡಿಗ್ರಿಯಲ್ಲಿ ನೀರಾವಿಯ ಒತ್ತಡವು ಪಾದರಸಮಾನದಲ್ಲಿ ಸುಮಾರು 32 ಮಿಲಿಮೀಟರ್. 40 ಡಿಗ್ರಿಯಲ್ಲಿ ಸುಮಾರು 55. ಕಂಡೆನ್ಸರಿನೊಳಗಿನ ಒತ್ತಡವು ಅಲ್ಲಿಯ ಉಷ್ಣತೆಗೆ ತಕ್ಕ ಈ ಮಿತಿಗಿಂತ ಕೆಳಗಿಳಿಯಲಾರದು. ತಂಪುನೀರು ಬೆಚ್ಚಗಾದರೂ ಕೊಳವೆಗಳಲ್ಲಿ ಕಸ ಕಟ್ಟಿದರೂ ಅದು ಏರುತ್ತದೆ. ಎಜೆಕ್ಟರು ಎದುರಿಸಬಲ್ಲ ಒತ್ತಡವನ್ನು ಅದು ಮೀರಿದೊಡನೆ ಪ್ರವಾಹವು ಮುರಿದು, ಸ್ತಂಭದ ಒತ್ತಡವು ತಟ್ಟನೆ ಜಿಗಿಯುತ್ತದೆ. ದೋಷವು ಕಂಡದ್ದು ಹಿಂದೆ, ಇರುವುದು ಮುಂದೆ.

ಗ್ರಂಥಸಂಪಾದಕರಿಗೆ ಈ ನ್ಯಾಯವು ಹೊಸದಲ್ಲ. ಛಂದಸ್ಸು ಕೆಟ್ಟ ಎಡೆಯಲ್ಲಿಯೇ ಲಿಪಿಕಾರನು ತಪ್ಪಿರಬೇಕೆಂಬ ನಿಯಮವಿಲ್ಲ. ಪ್ರತಿಗಳನ್ನು ಹೋಲಿಸಿಯೇ ನಿರ್ಣಯಿಸಬೇಕು. ಇಲ್ಲಿಯೂ ಪ್ರತಿಯೊಂದು ಎಜೆಕ್ಟರಿನ ಒಳಬಾಯಿ ಹೊರಬಾಯಿಗಳ ನಿರಪೇಕ್ಷ ಒತ್ತಡವನ್ನು ಏಕಕಾಲದಲ್ಲಿ ಅಳೆದು, ತಯಾರಕರು ಕೊಟ್ಟ ರೇಖೆಯೊಡನೆ ಹೋಲಿಸತಕ್ಕದ್ದು. ಒತ್ತಡವು ಹೆಚ್ಚಿದ್ದರೂ ಅನಿಲಭಾರಕ್ಕೆ ತಕ್ಕಂತೆ ರೇಖೆಯ ಮೇಲೆಯೇ ಇದ್ದರೆ ಎಜೆಕ್ಟರು ನಿರ್ದೋಷಿ. ಗಾಳಿಯ ಸೋರಿಕೆಯಿಂದಲೋ ಕುಲುಮೆಯಲ್ಲಿ ಎಣ್ಣೆ ಒಡೆದು ಹುಟ್ಟಿದ ಅನಿಲದಿಂದಲೋ ಭಾರವೇ ಹೆಚ್ಚಿದೆ. ರೇಖೆಯನ್ನು ಬಿಟ್ಟಿದ್ದರೆ ಹೊರಬಾಯಿಯ ಒತ್ತಡವನ್ನು ನೋಡಬೇಕು. ಅದು ಮಿತಿಮೀರಿದ್ದರೆ ದೋಷವು ಮುಂದಣ ಭಾಗದ್ದು. ಮಿತಿಯೊಳಗಿದ್ದರೆ ಮಾತ್ರ ಹಬೆಯನ್ನೂ ಮೂತಿಯನ್ನೂ ಶಂಕಿಸುವುದು ನ್ಯಾಯ.

ಆದುದರಿಂದ ‘ಹೀರುಯಂತ್ರ’ವು ಗ್ರಾಹ್ಯವಲ್ಲವೆಂದು ನಮ್ಮ ಅಭಿಪ್ರಾಯ. ಎಜೆಕ್ಟರೆಂಬ ಪದವನ್ನೇ ಉಳಿಸಿಕೊಳ್ಳುವುದರಿಂದ ಕನ್ನಡಕ್ಕೆ ಕುಂದಿಲ್ಲ; ಪರೀಕ್ಷೆಗೆ ಮೊದಲೇ ತೀರ್ಪು ಹೇಳುವ ಪದದಿಂದ ಕುಂದುಂಟು.